ಕೆಂಪು ಡಾಟ್ಸನ್ ಮತ್ತು ನಾಲ್ಕು ನಿಂಬೆಹಣ್ಣು

ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ಮಹಾ ಪುಕ್ಕಲಿ ಎಂದು ಇಪ್ಪತ್ತೆರಡು ವರ್ಷ ನಂಬಿಕೊಂಡಿದ್ದೆ. ನಂಬಿಕೆಗೆ ಪುರಾವೆಯೂ ಇತ್ತು. ನಾನು ಕಾರಿನ ಕೀಲಿ ತಿರುಗಿಸಿದ ಕೂಡಲೇ ಪಕ್ಕದಲ್ಲಿ ಕುಳಿತ ಅವಳು ಕಣ್ಣು ಮುಚ್ಚುತ್ತಿದ್ದಳು. ಗೇಟು ದಾಟುವಷ್ಟರಲ್ಲಿ ಬಾಗಿಲ ಮೇಲಿನ ಹಿಡಿಕೆ ಅವಳ ಎರಡೂ ಕೈಯಲ್ಲಿರುತ್ತಿತ್ತು. ಪೇಟೆ ಬರುವ ಹೊತ್ತಿಗೆ ತುಟಿ ಪಿಟಿಪಿಟಿ ಎನ್ನುತ್ತಿತ್ತು. ಪಾಪ, ವೇಗವೆಂದರೆ ಇವಳಿಗೆ ಭಯ ಎಂದು ಕರುಣೆ ಉಕ್ಕಿ, ಮೂವತ್ತರಲ್ಲಿದ್ದ ಮುಳ್ಳನ್ನು ನಾನು ಇಪ್ಪತ್ತೈದಕ್ಕೆ ಇಳಿಸುತ್ತಿದ್ದೆ.

ಒಮ್ಮೆ ಅವಳಿಗೆ ಕಾರು ಕಲಿಸುವ ಔದಾರ್ಯವನ್ನೂ ತೋರಿದ್ದುಂಟು. ಇಕ್ಕೇರಿ ರಸ್ತೆಯಲ್ಲಿ ಮೂರು ದಿನ ಪಕ್ಕದ ಸೀಟಿನಲ್ಲಿ ಕುಳಿತು, ನನಗೆ ತಿಳಿದಿದ್ದನ್ನೆಲ್ಲ ಏಕಕಾಲಕ್ಕೆ, ಗಂಟಲು ತಡೆಯುವಷ್ಟು ಗಟ್ಟಿಯಾಗಿ ಧಾರೆ ಎರೆದೆ. ಮೂರನೆಯ ದಿನ ಅವಳು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಮನೆಗೆ ನಡೆದುಕೊಂಡು ಹೋದಳು. ಪುಕ್ಕಲಿ ಎನ್ನಲು ಇನ್ನೇನು ಬೇಕು?

ನಾನು ಶಿವಪ್ಪ. ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಊರಿಗೆಲ್ಲ ಶಿವು ಮೇಷ್ಟ್ರು. ಮೂಢನಂಬಿಕೆಯ ವಿರುದ್ಧ ನನ್ನದೊಂದು ನಲವತ್ತು ನಿಮಿಷದ ಭಾಷಣವಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಮಕ್ಕಳು ಅದನ್ನು ಕೇಳಿ ಆಕಳಿಸಿದ್ದಾರೆ. ಈ ವಿವರ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನನ್ನ ಕಾರು ಚಾಲನೆಯ ಬಗ್ಗೆಯೂ ಒಂದು ಮಾತು. ನಾನು ಮುಂದಕ್ಕೆ ಹೋಗುವ ಮನುಷ್ಯ. ಹಿಂದಕ್ಕೆ ಹೋಗುವುದು ನನ್ನ ಕಾರಿನ ಗೇರಿನಲ್ಲಿದೆ, ನನ್ನ ಸ್ವಭಾವದಲ್ಲಿಲ್ಲ. ನಾನು ಲೈಸೆನ್ಸ್ ಪಡೆದ ದಿನ ಧೋ ಎಂದು ಮಳೆ. ಪರೀಕ್ಷೆಗೆ ಬಂದವರು ಕೊಡೆಯ ಕೆಳಗಿನಿಂದಲೇ, ಆ ಹಲಸಿನ ಮರದ ತನಕ ಹೋಗಿ ನಿಲ್ಲಿಸಿ ಎಂದರು. ಹೋದೆ, ನಿಲ್ಲಿಸಿದೆ. ಅಲ್ಲಿಂದ ಕಾರನ್ನು ವಾಪಸು ತಂದವರು ಯಾರೆಂದು ಈಗ ನೆನಪಿಲ್ಲ. ಅಂದಿನಿಂದ ಕಾರು ತಿರುಗಿಸಲು ವಿಶಾಲವಾದ ಬಯಲಿಲ್ಲದ ಕಡೆ ನಾನು ಹೋಗುವವನಲ್ಲ. ಒಮ್ಮೆ ಶಿವಮೊಗ್ಗ ರಸ್ತೆಯಲ್ಲಿ ನಮ್ಮ ತಿರುವು ದಾಟಿಹೋಯಿತು. ಹತ್ತು ಮಾರು ಹಿಂದೆ ತೆಗೆಯುವ ಬದಲು ಆನಂದಪುರದ ತನಕ ಹೋಗಿ ತಿರುಗಿಸಿಕೊಂಡು ಬಂದೆ. ಹಾಗೇ ಒಂದು ಸುತ್ತು ಎಂದು ಜ್ಯೋತಿಗೆ ಹೇಳಿದೆ. ನಾವು ಹಾಲು ತರಲು ಹೊರಟಿದ್ದೆವು.

ಇಂಥ ನನ್ನ ಬಾಳಿನಲ್ಲಿ ಮೊನ್ನೆ ದೀಪಾವಳಿ ಕಳೆದ ಮೇಲೆ ಒಂದು ಜಪಾನಿ ಕಾರು ಪ್ರವೇಶಿಸಿತು. ಡಾಟ್ಸನ್ 240 ಝಡ್! ಎಪ್ಪತ್ತರ ದಶಕದ ಕ್ರೀಡಾ ಕಾರು. ಉದ್ದ ಮೂತಿ, ಇಳಿಜಾರು ಬೆನ್ನು, ಗದ್ದೆ ಬದುವಿನ ಮೇಲೆ ಹಾರಲು ಕುಳಿತ ಮಿಡತೆಯ ಹಾಗೆ. ಅಸಲಿಯಲ್ಲ, ಅದರ ಮಾದರಿ. ಲೋಹದಲ್ಲಿ ಎರಕ ಹೊಯ್ದದ್ದು. ಅಸಲಿಯ ಹದಿನೆಂಟರಲ್ಲಿ ಒಂದು ಪಾಲು, ಅಂದರೆ ಸರಿಯಾಗಿ ಒಂದು ಗೇಣು. ಬಾಗಿಲು ತೆರೆಯುತ್ತದೆ. ಒಳಗೆ ಎರಡು ಪುಟ್ಟ ಕಪ್ಪು ಸೀಟು. ಕಿರುಬೆರಳಲ್ಲಿ ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಚಕ್ರ ತಿರುಗುತ್ತದೆ. ರಬ್ಬರಿನ ಟೈರು, ಟೈರಿನಲ್ಲಿ ಗೀರು!

ಪಾರ್ಸೆಲ್ ಬಿಚ್ಚಿದ ದಿನ ಮನೆಯವರನ್ನೆಲ್ಲ ಹಾಲಿನಲ್ಲಿ ನಿಲ್ಲಿಸಿ ಘೋಷಿಸಿದೆ: ಈ ಕಾರಿನ ಚಕ್ರ ನನ್ನ ಜೀವಮಾನದಲ್ಲಿ ಒಂದು ಅಂಗುಲವೂ ಉರುಳಕೂಡದು. ಮನೆಯವರೆಲ್ಲ ಎಂದರೆ ಜ್ಯೋತಿ ಮತ್ತು ನನ್ನ ಅಮ್ಮ ಮೂಕಮ್ಮ.

"ಆಟದ ಕಾರಿಗೆ ಇಷ್ಟೆಲ್ಲ ಎಂತಕ್ಕಾ?" ಎಂದಳು ಅಮ್ಮ.

"ಆಟದ ಕಾರಲ್ಲ ಅಮ್ಮ, ಮಾದರಿ."

"ಓಡ್ದೇ ಇರೋ ಕಾರಿಗೆ ಚಕ್ರ ಯಾಕೆ ಇಟ್ಟಿದಾರೆ ಹಾಗಾದ್ರೆ?"

ಅದು ಜಪಾನ್ ದೇಶ ಉತ್ತರಿಸಬೇಕಾದ ಪ್ರಶ್ನೆ.

ಘೋಷಣೆಗೆ ಕಾರಣವಿತ್ತು. ಡಿಸೆಂಬರಿನ ಕೊನೆಯ ಭಾನುವಾರ ಶಿವಮೊಗ್ಗದಲ್ಲಿ ನಮ್ಮಂಥ ಹುಚ್ಚರೆಲ್ಲ ಸೇರಿ ಮಾದರಿ ವಾಹನಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಅದರಲ್ಲಿ ಅತಿ ಶ್ರೇಷ್ಠ ವಿಭಾಗ 'ಉರುಳದ ಚಕ್ರ'. ಡಬ್ಬಿಯಿಂದ ತೆಗೆದ ಮೇಲೆ ಈ ಕಾರು ನೆಲದ ಮೇಲೆ ಓಡಿಲ್ಲ, ಬೇರೆ ಯಾರ ಕೈಯೂ ತಾಗಿಲ್ಲ ಎಂದು ಮಾಲೀಕ ಬರೆದು ಸಹಿ ಹಾಕಬೇಕು. ಬಹುಮಾನ ಒಂದು ಫಲಕ. ಫಲಕಕ್ಕೆ ಗೋಡೆಯಲ್ಲಿ ಮೊಳೆ ಹೊಡೆದಾಗಿತ್ತು.

ತೊಂದರೆ ಏನೆಂದರೆ, ಅದೇ ಭಾನುವಾರ ತೀರ್ಥಹಳ್ಳಿಯಲ್ಲಿ ಜ್ಯೋತಿಯ ತಂಗಿ ಸ್ವಪ್ನಾಳ ಹೊಸ ಮನೆಯ ಗೃಹಪ್ರವೇಶ. ಆ ಮನೆ ಇರುವುದು ಒಂದು ಗಲ್ಲಿಯ ತುದಿಯಲ್ಲಿ. ಒಳಗೆ ಹೋದ ಕಾರು ಹಿಮ್ಮುಖವಾಗಿಯೇ ಹೊರಗೆ ಬರಬೇಕು. ಮನೆ ಕಟ್ಟುವಾಗ ನೋಡಲು ಹೋದಾಗಲೆಲ್ಲ ನಾನು ಮುಖ್ಯರಸ್ತೆಯಲ್ಲೇ ನಿಲ್ಲಿಸಿ, ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಜ್ಯೋತಿಯನ್ನೂ ಅಮ್ಮನನ್ನೂ ಇಳಿಸುತ್ತಿದ್ದೆ.

"ಆವತ್ತು ನಂಗೆ ಶಿವಮೊಗ್ಗ ಇದೆ. ನೀನು ಅಮ್ಮನ್ನ ಕರ್ಕೊಂಡು ಬಸ್ಸಲ್ಲಿ ಹೋಗು" ಎಂದೆ.

"ಮನೆ ಬಾಗ್ಲಿಗೇ ಕಾರಲ್ಲಿ ಬಂದು ಇಳೀತೀವಿ ಅಂತ ಸ್ವಪ್ನಂಗೆ ಹೇಳಿ ಆಗಿದೆ."

"ಹೇಳಿದ್ದನ್ನ ಬದಲಾಯ್ಸು."

ಅವಳು ನನ್ನನ್ನೊಮ್ಮೆ, ಶೋಕೇಸಿನ ಕೆಂಪು ಕಾರನ್ನೊಮ್ಮೆ ನೋಡಿದಳು. "ಹೇಳಿದ್ದನ್ನ ಬದಲಾಯ್ಸಲ್ಲ" ಎಂದು ಒಳಗೆ ಹೋದಳು. ಆ ನೋಟದ ಅರ್ಥ ಆಗ ಆಗಲಿಲ್ಲ. ಈಗ ಆಗಿದೆ, ತಡವಾಗಿ.

ಪ್ರದರ್ಶನಕ್ಕೆ ಎರಡು ವಾರ ಇರುವಾಗ ಒಂದು ಸೋಮವಾರ ಸಂಜೆ ಶಾಲೆಯಿಂದ ಬಂದು ಶೋಕೇಸಿನ ಮುಂದೆ ನಿಂತೆ. ನಾನು ಕಾರಿನ ಮೂತಿಯನ್ನು ಮುಂಬಾಗಿಲಿಗೆ ಇಟ್ಟಿದ್ದೆ. ಈಗ ಅದು ಅಡುಗೆಮನೆಯ ಕಡೆ ನೋಡುತ್ತಿತ್ತು. ಸಾಲದ್ದಕ್ಕೆ ಮುಂದಿನ ಚಕ್ರಗಳು ಪೂರ್ತಿ ಎಡಕ್ಕೆ ತಿರುಗಿದ್ದವು.

ಭೂಕಂಪವೇನಾದರೂ ಆಗಿದೆಯೇ ಎಂದು ಪತ್ರಿಕೆ ನೋಡಿದೆ. ಆಗಿರಲಿಲ್ಲ. ಜ್ಯೋತಿಯನ್ನು ಕೇಳಿದರೆ, ದೂಳು ಹೊಡೆದೆನೇನೋ ಎಂದಳು. ದೂಳು ಹೊಡೆಯುವವರು ಸ್ಟೀರಿಂಗ್ ತಿರುಗಿಸುತ್ತಾರೆಯೇ? ಶೋಕೇಸಿಗೆ ಬೀಗ ಹಾಕಿ, ಕೀಲಿಯನ್ನು ಗಡ್ಡ ಹೆರೆಯುವ ಸಾಮಾನಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಒಳಗಿನ ಗಾಜಿನ ಹಲಗೆಯ ಮೇಲೆ ತೆಳ್ಳಗೆ ಪೌಡರು ಉದುರಿಸಿದೆ. ವಿಜ್ಞಾನದ ಮೇಷ್ಟ್ರ ಮನೆಯಲ್ಲಿ ಕಳ್ಳಾಟ ನಡೆಯುತ್ತದೆಯೇ!

ನಡೆಯಿತು. ಮಂಗಳವಾರ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಪೌಡರು ಮಾತ್ರ ಒಂದು ಕಣವೂ ಇಲ್ಲದೆ ಒರೆಸಿಹೋಗಿತ್ತು. ಕಾರನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿದೆ. ಟೈರಿನ ಗೀರುಗಳಲ್ಲಿ ಬಿಳಿ ಹುಡಿ. ಪೌಡರಲ್ಲ. ಮೂಸಿದೆ, ನಾಲಗೆಗೆ ಹಚ್ಚಿದೆ. ರಂಗೋಲಿ!

ಅಂದಿನಿಂದ ನಾನು ಪತ್ತೇದಾರನಾದೆ. ಮನೆಯವರ ನಡೆನುಡಿ ಗಮನಿಸಿದರೆ ಒಂದಲ್ಲ, ಹತ್ತು ಸಂಶಯ. ದಿನವೂ ಆರೂವರೆಗೆ ಯೋಗದ ಕ್ಲಾಸು ಎಂದು ಹೊರಡುವ ಜ್ಯೋತಿ ಚಾಪೆ ಒಯ್ಯುತ್ತಿರಲಿಲ್ಲ, ಬೂಟು ಹಾಕಿಕೊಂಡು ಹೋಗುತ್ತಿದ್ದಳು. ದೋಸೆ ಹೊಯ್ಯುವಾಗ ಅವಳ ಎಡಗಾಲು ಒಲೆಯ ಕಟ್ಟೆಯ ಕೆಳಗೆ ಮೆಲ್ಲನೆ ಒತ್ತುವುದು, ಬಿಡುವುದು, ಒತ್ತುವುದು. ಸಾರು ಕದಡುವ ಎಡಗೈ ಇದ್ದಕ್ಕಿದ್ದಂತೆ ಸೌಟನ್ನು ಮುಂದೆ ತಳ್ಳಿ, ಪಕ್ಕಕ್ಕೆ ಸರಿಸಿ, ಹಿಂದಕ್ಕೆ ಎಳೆಯುವುದು. ಅಡುಗೆಮನೆಯಿಂದ ಹೊರಬರುವ ಮೊದಲು ಎಡಕ್ಕೆ ನೋಡುವಳು, ಬಲಕ್ಕೆ ನೋಡುವಳು, ಭುಜದ ಮೇಲಿಂದ ಹಿಂದಕ್ಕೆ ನೋಡುವಳು. ನನ್ನ ಮನೆಯಲ್ಲಿ ನನ್ನ ಹೆಂಡತಿ ಯಾರಿಗೆ ಹೆದರಿ ಹೀಗೆ ನೋಡುತ್ತಾಳೆ? ಪುಕ್ಕಲಿ ಎಂಬುದು ಗೊತ್ತು, ಆದರೆ ಇಷ್ಟು?

ಬುಧವಾರ ತಲೆನೋವಿನ ನೆಪ ಹೇಳಿ ಮಧ್ಯಾಹ್ನವೇ ಮನೆಗೆ ಬಂದೆ. ಹಿಂಬದಿಯ ಜಗಲಿಯಿಂದ ಚಪ್ಪಾಳೆಯ ಸದ್ದು. ಇಣುಕುವಷ್ಟರಲ್ಲಿ ಗಡಿಬಿಡಿ, ಪೊರಕೆಯ ಶಬ್ದ. ಅಮ್ಮ ಕಾಲು ಚಾಚಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಳು. ಜ್ಯೋತಿ ಪೊರಕೆ ಹಿಡಿದು ನಿಂತಿದ್ದಳು.

"ಚಪ್ಪಾಳೆ ಎಂತಕ್ಕೆ ಅಮ್ಮ?"

"ಭಜನೆ ಕಣಾ."

"ಹಾಡು ಕೇಳ್ಲಿಲ್ಲ."

"ಮನಸ್ಸಲ್ಲೇ ಹೇಳ್ತಿದ್ದೆ."

ಪೊರಕೆ ಪೂರ್ತಿ ಕೆಲಸ ಮಾಡಿರಲಿಲ್ಲ. ಕೆಂಪು ಕಾವಿಯ ನೆಲದ ಮೇಲೆ ರಂಗೋಲಿಯ ಗೆರೆ ಅರ್ಧ ಉಳಿದಿತ್ತು. ಒಂದಕ್ಕೊಂದು ಹೆಣೆದುಕೊಂಡ ಎರಡು ದೊಡ್ಡ ಸುತ್ತು, ಬಾಲ ಕಚ್ಚಿಕೊಂಡ ಹಾವುಗಳ ಹಾಗೆ. ಸುತ್ತಿನ ಅಂಚಿನಲ್ಲಿ ನಾಲ್ಕು ನಿಂಬೆಹಣ್ಣು. ಒಂದೊಂದು ನಿಂಬೆಹಣ್ಣಿಗೂ ಒಂದೊಂದು ಊದುಬತ್ತಿ ಚುಚ್ಚಿ ನಿಲ್ಲಿಸಿತ್ತು!

ಮಂಡಲ, ನಿಂಬೆಹಣ್ಣು, ಊದುಬತ್ತಿ. ನನ್ನ ನಲವತ್ತು ನಿಮಿಷದ ಭಾಷಣದ ಹನ್ನೆರಡನೆಯ ನಿಮಿಷದಲ್ಲಿ ಮಾಟದ ವರ್ಣನೆ ಬರುವುದು ಅಕ್ಷರಶಃ ಹೀಗೆ. ಏನೂ ಕಾಣದವನ ಹಾಗೆ ಒಳಗೆ ಹೋಗಿ, ಕಿಟಕಿಯಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಮೊದಲ ಮೂರು ಫೋಟೋದಲ್ಲಿ ನನ್ನ ಹೆಬ್ಬೆರಳೇ ಬಂತು.

ನಿಂಬೆಹಣ್ಣು ನಮ್ಮ ಮನೆಯದಲ್ಲ. ಪಕ್ಕದ ಮನೆಯ ವಿಘ್ನೇಶ್ವರ ಹೆಗಡೆಯವರ ಗಿಡದ್ದು. ನಿವೃತ್ತರು, ನನ್ನ ಡಾಟ್ಸನ್ ನೋಡಿದ ದಿನ "ಎಷ್ಟು ಮೈಲೇಜು ಕೊಡ್ತದೆ?" ಎಂದು ಕೇಳಿ ನನ್ನ ಮನಸ್ಸು ನೋಯಿಸಿದವರು. ಹೊಟ್ಟೆಕಿಚ್ಚಿನ ಮೂಲ ಸಿಕ್ಕಿತೆಂದು ನೆಟ್ಟಗೆ ಅವರ ಬೇಲಿಯ ಬಳಿ ಹೋಗಿ ನಿಂತೆ. ನಿಂಬೆಹಣ್ಣಿನ ವಿಷಯ ತೆಗೆದೆ.

"ಅದಾ? ನಿಮ್ಮ ಮನೆಯವರು ದಿನಾ ನಾಲ್ಕು ತಗಂಡು ಹೋಗ್ತಾರಲ್ಲ ಮಾರಾಯ್ರೆ. ಸಂಜೆ ವಾಪಸ್ ತಂದು ಕೊಡ್ತಾರೆ."

"ವಾಪಸ್ಸಾ? ಹಿಂಡದೇ?"

"ಹಿಂಡೂದಿಲ್ಲ ಎಂತೂ ಇಲ್ಲ. ತೂತು ಮಾತ್ರ ಇರ್ತದೆ." ಹೆಗಡೆಯವರು ದನಿ ತಗ್ಗಿಸಿದರು. "ಎಂತ ವಿಷಯ? ನನ್ನ ಹತ್ರ ಹೇಳ್ಬಹುದು."

ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಸಾಗರ ಬಸ್‌ಸ್ಟ್ಯಾಂಡಿಗೆ ತಲುಪುತ್ತದೆ. ಆದರೆ ಸಂಶಯದ ಮುಳ್ಳು ಪಕ್ಕದ ಮನೆಯಿಂದ ತಿರುಗಿ ನನ್ನ ಮನೆಯನ್ನೇ ತೋರಿಸಿತು. ನನ್ನ ಹೆಂಡತಿ, ನನ್ನ ಹೆತ್ತ ತಾಯಿಯನ್ನು ಜೊತೆ ಹಾಕಿಕೊಂಡು, ನನ್ನ ಕಾರಿನ ಮೇಲೆ ಮಾಟ ಮಾಡುತ್ತಿದ್ದಾಳೆ! ಕಾರಿನ ಮೇಲೋ, ಕಾರಿನ ಮೂಲಕ ನನ್ನ ಮೇಲೋ?

ನಿಟ್ಟೂರಿನ ಹತ್ತಿರ ಹುಲಿಗೆಮ್ಮ ಎಂಬ ಹೆಂಗಸು ನಿಮಿತ್ತ ಹೇಳುತ್ತಾರೆ ಎಂದು ಕೇಳಿದ್ದೆ. ಕಳೆದ ದನ, ಕೆಟ್ಟ ಕಣ್ಣು, ಬಾರದ ಅಳಿಯ ಎಲ್ಲದಕ್ಕೂ ಜನ ಅವರ ಬಳಿ ಹೋಗುತ್ತಾರೆ. ಗುರುವಾರ ಶಾಲೆಗೆ ರಜೆ ಹಾಕಿ, ಡಾಟ್ಸನ್ನನ್ನು ಡಬ್ಬಿಗೆ ಸೇರಿಸಿ, ಡಬ್ಬಿಯನ್ನು ಪಕ್ಕದ ಸೀಟಿಗೆ ಬೆಲ್ಟಿನಲ್ಲಿ ಬಿಗಿದು ಹೊರಟೆ. ಇದು ಮೂಢನಂಬಿಕೆಯಲ್ಲ, ಕ್ಷೇತ್ರ ಅಧ್ಯಯನ ಎಂದು ಹೊಸನಗರದ ತನಕ ನನಗೆ ನಾನೇ ಹೇಳಿಕೊಂಡೆ. ಹೊಸನಗರ ದಾಟಿದ ಮೇಲೆ ಹೇಳಿಕೊಳ್ಳುವುದನ್ನು ಬಿಟ್ಟೆ.

ಹುಲಿಗೆಮ್ಮನ ಅಂಗಳದಲ್ಲಿ ಒಂದು ಜೀಪು ನಿಂತಿತ್ತು. ಮಗ ಗೌತಮ್ ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವವನಂತೆ, ಗಡ್ಡದ ಗಟ್ಟಿ ಆಳು. ಆಕೆ ನನ್ನ ಮೊಬೈಲಿನ ಫೋಟೋವನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಮಗನಿಗೂ ತೋರಿಸಿದರು. ಗೌತಮ್ ಕೆಮ್ಮುತ್ತ ಮನೆಯ ಹಿಂದಕ್ಕೆ ಹೋದ. ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಷ್ಟು ಘೋರ ಮಾಟವೋ ಎಂದುಕೊಂಡೆ.

"ಇದನ್ನ ಬರ್ದ ಕೈ ಹೆಣ್ಣಿಂದು" ಎಂದರು.

"ಹೌದು ತಾಯಿ."

"ಮನೆ ಒಳಗಿನೋರೇ. ಇನ್ನು ಹೆಚ್ಚು ದಿನ ಇಲ್ಲ. ಅವ್ರು ನಿಮ್ಮ ಹಂಗಿಲ್ದೆ ಮನೆಯಿಂದ ಹೊರಡ್ತಾರೆ."

"ತಡಿಯೋಕೆ ಏನಾದ್ರೂ..."

"ತಡೀಬೇಡಿ ಮೇಷ್ಟ್ರೆ. ಅಡ್ಡ ಮಾತ್ರ ನಿಲ್ಬೇಡಿ. ಅಡ್ಡ ನಿಂತ್ರೆ ಮರ್ಯಾದೆ ಹೋಗೋದು ನಿಮ್ದೇ."

ಕಾಣಿಕೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ನಗುವುದಕ್ಕೆ ಯಾರಾದರೂ ಕಾಣಿಕೆ ತೆಗೆದುಕೊಳ್ಳುತ್ತಾರೆಯೇ ಎಂದು ಈಗ ಅನ್ನಿಸುತ್ತದೆ. ಅವರ ಅಂಗಳ ಚಿಕ್ಕದು. ನನ್ನ ಕಾರನ್ನು ತಿರುಗಿಸಿ ರಸ್ತೆಗೆ ಬಿಟ್ಟುಕೊಟ್ಟವನು ಗೌತಮ್.

ಜ್ಯೋತಿ ನನ್ನನ್ನು ಬಿಟ್ಟು ಹೋಗುತ್ತಾಳೆ! ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಹುಲಿಕಲ್ ಕಡೆಗೆ ಬಿಟ್ಟೆ. ಅಲ್ಲಿ ಘಾಟಿಯ ತಲೆಯಲ್ಲಿ ದೇವಿಯ ಗುಡಿಯಿದೆ. ಇಳಿಯುವ ಗಾಡಿಗಳೆಲ್ಲ ನಿಂತು ಕೈಮುಗಿದೇ ಮುಂದಕ್ಕೆ ಹೋಗುವುದು. ಮಾಟ ತಗಲಿದ್ದು ಕಾರಿಗೆ; ಕಾರಿಗೊಂದು ಪೂಜೆ ಮಾಡಿಸಿದರೆ ಆಯಿತಲ್ಲ? ಎರಡು ಲಾರಿಗಳ ನಡುವೆ ಸರದಿಯಲ್ಲಿ ನಿಂತೆ.

"ಗಾಡಿ ಎಲ್ಲಿ?" ಎಂದರು ಅರ್ಚಕರು.

ಡಬ್ಬಿ ತೆರೆದು ತೋರಿಸಿದೆ.

ಅವರು ಡಾಟ್ಸನ್ನನ್ನು ನೋಡಿದರು, ನನ್ನ ಮುಖ ನೋಡಿದರು. ಅನುಭವಸ್ಥರು. ಏನೂ ಕೇಳದೆ ಅದರ ಉದ್ದ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಗಾಜಿನ ಮೇಲೆ ಒಂದು ಹೂವಿಟ್ಟು ಆರತಿ ಎತ್ತಿದರು. ಹೂವು ಅರ್ಧ ಕಾರನ್ನೇ ಮುಚ್ಚಿತು. ಆಮೇಲೆ ಮುಂದಿನ ಚಕ್ರದ ಎದುರು ನಿಂಬೆಹಣ್ಣಿಟ್ಟು, "ಹತ್ತಿಸಿ" ಎಂದರು. ಕಟ್ಟೆಯ ಮೇಲೆ ನಾನೇ ಕಾರನ್ನು ಹಿಡಿದು ತಳ್ಳಿದೆ. ಚಕ್ರಕ್ಕಿಂತ ನಿಂಬೆಹಣ್ಣು ದೊಡ್ಡದು, ಕಾರು ಹತ್ತಲಿಲ್ಲ. ಹಿಂದೆ ತಂದು ಇನ್ನಷ್ಟು ರಭಸದಿಂದ ತಳ್ಳಿದೆ. ಮೂರನೆಯ ಸಲ ಕಾರು ನಿಂಬೆಹಣ್ಣನ್ನು ಗುದ್ದಿ ಪಲ್ಟಿ ಹೊಡೆಯಿತು.

ಹಿಂದಿದ್ದ ಲಾರಿ ಡ್ರೈವರ್ ಗಂಭೀರವಾಗಿ ಹೇಳಿದ: "ಘಾಟಿ ಇಳಿಯುವಾಗ ಫಸ್ಟ್ ಗೇರಲ್ಲೇ ಇರ್ಲಿ ಸಾರ್."

ಡಬ್ಬಿ ಮುಚ್ಚಿ, ವಾಪಸು ಸಾಗರದ ದಾರಿ ಹಿಡಿದು ಅರ್ಧ ದೂರ ಬಂದ ಮೇಲೆ ಹೊಳೆಯಿತು: ಜೀವಮಾನದಲ್ಲಿ ಉರುಳಕೂಡದ ಚಕ್ರವನ್ನು ಸಾರ್ವಜನಿಕವಾಗಿ, ಇಬ್ಬರು ಲಾರಿ ಡ್ರೈವರುಗಳ ಸಾಕ್ಷಿಯಾಗಿ, ನನ್ನ ಕೈಯಿಂದಲೇ ಉರುಳಿಸಿದ್ದೆ. ಕುಂಕುಮ ಒರೆಸಿದರೆ ಹೋಗಲಿಲ್ಲ. ಮೂತಿಯ ಮೇಲೆ ನಿಂಬೆಯ ಗಾತ್ರದ ತರಚು.

ಮನೆಗೆ ಬಂದರೆ ಜ್ಯೋತಿ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನನ್ನಲ್ಲ.

"ಆ ಕೆಂಪು ಕಾರು ಎಲ್ಲಿ?"

"ಯಾಕೆ?"

"ಸುಮ್ನೆ ಕೇಳ್ದೆ. ಇವತ್ತು ಅದು ಇರ್ಬೇಕಿತ್ತು."

ಇವತ್ತು ಇರಬೇಕಿತ್ತು! ಗುರುವಾರ, ಅಮಾವಾಸ್ಯೆಗೆ ಎರಡೇ ದಿನ. ಆ ರಾತ್ರಿ ನಾನು ಊಟ ಮಾಡಿದ್ದು ಅಮ್ಮನಿಗೆ ಬಡಿಸಿದ ಪಾತ್ರೆಯಿಂದ, ಅಮ್ಮ ತಿಂದ ಮೇಲೆಯೇ.

ಶುಕ್ರವಾರ ಬೆಳಿಗ್ಗೆ ಅವಳು ದೇವರಿಗೆ ದೀಪ ಹಚ್ಚಿ, ಅಮ್ಮನ ಕಾಲಿಗೆ ನಮಸ್ಕರಿಸಿ, ಆಧಾರ್ ಕೆಲಸವಿದೆ ಎಂದು ಹೊರಟಳು. ಆಧಾರ್ ಕೆಲಸಕ್ಕೆ ಅತ್ತೆಯ ಕಾಲಿಗೆ ಬೀಳುವ ಸೊಸೆಯನ್ನು ನೀವು ಕಂಡಿದ್ದೀರಾ? ಅಮ್ಮನ ಕಣ್ಣಲ್ಲಿ ನೀರಾಡುತ್ತಿತ್ತು. ಬೀದಿಯ ತುದಿಯಲ್ಲಿ ಒಂದು ಬಿಳಿ ಕಾರು ಬಂದು ನಿಂತಿತು. ಟೋಪಿ ಹಾಕಿದ ಚಾಲಕ. ಜ್ಯೋತಿ ಅದರ ಹಿಂದಿನ ಸೀಟಿಗೆ ಹತ್ತಿದಳು, ಕಾರು ಹೊರಟಿತು.

ಫಲಕವನ್ನೂ ಪ್ರದರ್ಶನವನ್ನೂ ಮರೆತೆ. ಇಪ್ಪತ್ತೆರಡು ವರ್ಷದ ಸಂಸಾರ ಬಿಳಿ ಕಾರಿನಲ್ಲಿ ಹೋಗುತ್ತಿದೆ! ಕನ್ನಡಕ ಮೇಜಿನ ಮೇಲೆಯೇ ಉಳಿಯಿತು. ಕಾರು ಎಳೆದುಕೊಂಡು ಬೆನ್ನು ಹತ್ತಿದೆ. ಬಿಳಿ ಕಾರು ಪೇಟೆ ದಾಟಿತು, ಒಂದು ಬಯಲಿನ ಗೇಟಿನೊಳಗೆ ಹೋಯಿತು. ನಾನು ಎರಡನೆಯ ಗೇಟಿನಿಂದ ನುಗ್ಗಿದೆ. ಅದರ ಮೇಲೆ 'ಹೊರಹೋಗುವ ದಾರಿ' ಎಂದು ಬರೆದಿತ್ತಂತೆ. ಎರಡೂ ಬದಿಯಲ್ಲಿ ಕೆಂಪು ಬಿಳಿ ಕಂಬಗಳು. ಕಂಬಗಳ ನಡುವೆ ಹೋದೆ, ಹೋದೆ, ದಾರಿ ಮುಗಿದುಹೋಯಿತು. ಎದುರಿಗೆ ಮಣ್ಣಿನ ದಿಬ್ಬ. ಎಡಕ್ಕೆ ಕಂಬ, ಬಲಕ್ಕೆ ಕಂಬ. ಯಾರೋ ಜೋರಾಗಿ ಸೀಟಿ ಊದಿದರು.

ಇಳಿದು ನೋಡಿದೆ. ನೆಲದ ಮೇಲೆ ಬಿಳಿ ಬಣ್ಣದಲ್ಲಿ, ಬಾವಿಯಷ್ಟು ದೊಡ್ಡದಾಗಿ, ನಮ್ಮ ಜಗಲಿಯ ಎರಡು ಸುತ್ತು! ನಿಂಬೆಹಣ್ಣು ಇದ್ದಲ್ಲಿ ಕಂಬ. ಇಡೀ ಬಯಲೇ ಒಂದು ಮಾಟದ ಮಂಡಲ. ಅದರ ಸುತ್ತ ಹತ್ತಿಪ್ಪತ್ತು ಜನ ಕೈಯಲ್ಲಿ ಕಾಗದ ಹಿಡಿದು ನಿಂತಿದ್ದರು, ನಡುವೆ ನನ್ನ ಹೆಂಡತಿ.

"ಯಾರ್ರೀ ಅದು ಟ್ರ್ಯಾಕಲ್ಲಿ?" ಎಂದು ಖಾಕಿ ತೊಟ್ಟ ಇನ್‌ಸ್ಪೆಕ್ಟರು ಬಂದರು. "ಡ್ರೈವಿಂಗ್ ಟೆಸ್ಟ್ ನಡೀತಿದೆ. ಹಿಂದೆ ತಗೊಳ್ಳಿ."

ಹಿಂದೆ! ನನ್ನ ಬಾಳಿನಲ್ಲಿ ಇಲ್ಲದ ದಿಕ್ಕು. ಕೂತೆ, ಗೇರು ಹಾಕಿದೆ. ಒಂದು ಕಂಬ ಬಿತ್ತು. ಮುಂದೆ ಬಂದು ಸ್ಟೀರಿಂಗ್ ಆ ಕಡೆ ತಿರುಗಿಸಿದೆ. ಆ ಕಡೆಯ ಕಂಬ ಬಿತ್ತು. ಟೋಪಿಯ ಚಾಲಕ ಓಡಿಬಂದು ಟೋಪಿ ತೆಗೆದರು: ಡ್ರೈವಿಂಗ್ ಸ್ಕೂಲಿನ ದುರ್ಗಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಂಬ ಎತ್ತಿ ನಿಲ್ಲಿಸುತ್ತ, ಅದು ಯಾರ ಮನೆಯ ಗಂಡಸು ಎಂದು ಕೇಳಿದರು.

"ನಮ್ಮನೇದು" ಎಂದಳು ಜ್ಯೋತಿ. ನನ್ನ ಬಾಗಿಲು ತೆರೆದು, "ಇಳೀರಿ" ಎಂದಳು.

ಇಳಿದೆ. ಅವಳು ಸೀಟು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿ ಮಾಡಿಕೊಂಡಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಭುಜದ ಮೇಲಿಂದ ಹಿಂದಕ್ಕೆ ನೋಡಿದಳು. ಎಡಗಾಲು ಮೆಲ್ಲನೆ ಒತ್ತಿತು, ಬಿಟ್ಟಿತು. ಎಡಗೈ ಗೇರನ್ನು ಸಾರಿನ ಸೌಟಿನ ಹಾಗೆ ಸರಿಸಿತು. ನನ್ನ ಕಾರು ಎಂದೂ ಹೋಗದ ದಿಕ್ಕಿನಲ್ಲಿ, ಎಣ್ಣೆ ಹರಿದ ಹಾಗೆ, ಎಲ್ಲ ಕಂಬಗಳನ್ನೂ ಬಿಟ್ಟು, ತಿರುವು ತೆಗೆದುಕೊಂಡು, ಗೇಟಿನ ಹೊರಗೆ ಹೋಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ನಿಯಮದ ಪ್ರಕಾರ ಸ್ಕೂಲಿನ ಕಾರಿನಲ್ಲಿ ಎರಡು ಸುತ್ತು ಹಾಕಿ, ಹಿಮ್ಮುಖವೂ ಹೋಗಿ, ಅವಳು ಪಾಸಾದಳು. ಇನ್‌ಸ್ಪೆಕ್ಟರು ಅವಳ ಕಾಗದಕ್ಕೆ ಸಹಿ ಹಾಕಿ, ನನ್ನ ಕಡೆ ತಿರುಗಿದರು.

"ಸಾರ್, ನಿಮ್ಮ ಲೈಸೆನ್ಸ್ ಇದ್ರೆ ಸ್ವಲ್ಪ ತೋರ್ಸಿ. ನೋಡೋಣ ಅಂತ."

ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಹಲಸಿನ ಮರದ ವಿಷಯ ನಾನು ಎತ್ತಲಿಲ್ಲ.

ಸಂಜೆ ಅಮ್ಮ ಎಲ್ಲ ಒಪ್ಪಿಕೊಂಡಳು. ಶೋಕೇಸಿನ ಇನ್ನೊಂದು ಕೀಲಿ ಅವಳ ಎಲೆ ಅಡಿಕೆ ಚೀಲದಲ್ಲಿತ್ತು. ಕಾರಿನ ಚಕ್ರ ಗೆರೆ ಮೆಟ್ಟಿದರೆ ಒಂದು ಚಪ್ಪಾಳೆ, ನಿಂಬೆಹಣ್ಣು ಬಿದ್ದರೆ ಎರಡು. ಹಾಗೆ ಭಜನೆ ನಡೆದಿತ್ತು. ಹಿಂದಕ್ಕೆ ಹೋಗುವಾಗ ಸ್ಟೀರಿಂಗ್ ಯಾವ ಕಡೆ ತಿರುಗಿಸಿದರೆ ಕಾರಿನ ಬೆನ್ನು ಯಾವ ಕಡೆ ಹೋಗುತ್ತದೆ ಎಂಬುದು ತಲೆಗೆ ಹತ್ತಲಿಲ್ಲ ಎಂದು ಜ್ಯೋತಿ ಒಂದು ದಿನ ಅತ್ತಿದ್ದಳಂತೆ. ಆಗ ಶೋಕೇಸಿನ ಕಡೆ ಬೆರಳು ತೋರಿಸಿದವಳು ನನ್ನ ಹೆತ್ತ ತಾಯಿ. ಹುಲಿಗೆಮ್ಮನ ಅಂಗಳದ ಜೀಪು ಆಗ ನೆನಪಾಯಿತು. ಜೀಪಿನವನ ತಾಯಿಗೆ ಆ ಎರಡು ಸುತ್ತು ಗೊತ್ತಿಲ್ಲದೆ ಇರುತ್ತದೆಯೇ? ಅಡ್ಡ ನಿಲ್ಲಬೇಡಿ ಎಂದು ಆಕೆ ಎಷ್ಟು ಸ್ಪಷ್ಟವಾಗಿ ಹೇಳಿದ್ದರು!

ಶಿವಮೊಗ್ಗಕ್ಕೆ ನಾನು ಹೋಗಲಿಲ್ಲ. 'ಕಾರು ನೆಲದ ಮೇಲೆ ಓಡಿಲ್ಲ' ಎಂಬ ಸಾಲಿನ ಕೆಳಗೆ ಸಹಿ ಹಾಕಲು ಪೆನ್ನು ಹಿಡಿದೆ. ಮೂತಿಯ ಕುಂಕುಮ ನನ್ನನ್ನೇ ನೋಡುತ್ತಿತ್ತು. ಗೋಡೆಯ ಮೊಳೆಗೆ ಈಗ ಜ್ಯೋತಿ ಕಾರಿನ ಕೀಲಿ ತೂಗುಹಾಕುತ್ತಾಳೆ.

ಮುಂದಿನ ವಾರದೊಳಗೆ ಅವಳ ಲೈಸೆನ್ಸ್ ಕೈಗೆ ಬಂತು. ಆ ಭಾನುವಾರ ಬೆಳಿಗ್ಗೆ ಅವಳು ಸ್ಟೀರಿಂಗ್ ಹಿಡಿದಳು. ಮುಂದಿನ ಸೀಟಿನ ಬಾಗಿಲು ನಾನು ತೆರೆಯುವ ಮೊದಲೇ ಅಮ್ಮ ಅಲ್ಲಿ ಕುಳಿತಾಗಿತ್ತು. ನಾನು ಹಿಂದೆ ಕೂತೆ, ತೊಡೆಯ ಮೇಲೆ ಡಾಟ್ಸನ್ ಡಬ್ಬಿ. ಸ್ವಪ್ನಾಳಿಗೆ ತೋರಿಸಲು ಅದೂ ಬರಲಿ ಎಂದು ಜ್ಯೋತಿಯ ಅಪ್ಪಣೆ. ತೀರ್ಥಹಳ್ಳಿಯ ತನಕ ನಾನು ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿಯಲಿಲ್ಲ. ಒಂದು ಕೈ ಡಬ್ಬಿಗೆ ಬೇಕಿತ್ತು.

ಗಲ್ಲಿಯ ಬಾಯಿಯಲ್ಲಿ ಜ್ಯೋತಿ ಕಾರು ನಿಲ್ಲಿಸಿದಳು. ವಾಪಸು ಬರುವಾಗ ಮುಮ್ಮುಖವಾಗಿ ಬರಬಹುದೆಂದು ಕಾರನ್ನು ತಿರುಗಿಸಿ, ಇಡೀ ಗಲ್ಲಿಯನ್ನು ಹಿಮ್ಮುಖವಾಗಿಯೇ ಹೋದಳು. ಎರಡೂ ಕಡೆಯ ಗೋಡೆಗೂ ನಮಗೂ ಒಂದೊಂದು ಗೇಣು. ಹಿಂದಿನ ಗಾಜಿನಲ್ಲಿ ಹೊಸ ಮನೆಯ ಮಾವಿನ ತೋರಣ ಹತ್ತಿರ ಬಂತು, ಹೊಸ್ತಿಲಿನಲ್ಲಿ ನಿಂತ ಸ್ವಪ್ನಾ ಹತ್ತಿರ ಬಂದಳು. ಕಾರು ಬಾಗಿಲ ಮುಂದೆ ನಿಂತಿತು.

ತಂಗಿ ಅಕ್ಕನನ್ನು ಅಪ್ಪಿಕೊಳ್ಳುವ ಮೊದಲು ನನಗೊಂದು ಉತ್ತರ ಬೇಕಿತ್ತು. ಒಂದು ವಾರದಿಂದ ತಲೆ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ.

"ಅಲ್ಲ ಮಾರಾಯ್ತಿ, ಮನೆ ಎದ್ರಿಗೆ ನಿಜವಾದ ಕಾರೇ ಇತ್ತು. ಪಕ್ಕದಲ್ಲಿ ಕೂತು ಹೇಳಿಕೊಡೋಕೆ ನಾನೂ ಇದ್ದೆ. ಎಲ್ಲ ಬಿಟ್ಟು ಆ ಆಟದ ಕಾರಲ್ಲಿ ಕಲಿಯೋ ಅಂಥದ್ದು ಎಂತ ಇತ್ತು?"

ಜ್ಯೋತಿ ಹ್ಯಾಂಡ್ ಬ್ರೇಕ್ ಎಳೆದಳು.

"ಅದ್ರಲ್ಲಿ ಪಕ್ಕದ ಸೀಟು ಖಾಲಿ ಇತ್ತು" ಎಂದಳು.